ಜಾಮೀನು ಮಂಜೂರಾಗಿದೆ, ದಯವಿಟ್ಟು ಒಳಗೇ ಇರಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ಯಾವುದೋ ಕೋರ್ಟಿನಲ್ಲಿ ಜಾಮೀನು ಅರ್ಜಿ ಹಾಕಿ ಗೆದ್ದವರೇ ಇರಬೇಕು. ನ್ಯಾಯಾಧೀಶರು ‘ಅರ್ಜಿ ಪುರಸ್ಕರಿಸಲಾಗಿದೆ’ ಅಂದ ಮರುಕ್ಷಣ ಟಿವಿಯವರು ‘ಬಿಗ್ ರಿಲೀಫ್’ ಎಂದು ಕೆಂಪು ಪಟ್ಟಿ ಓಡಿಸುತ್ತಾರೆ, ಮನೆಯವರು ಮೈಸೂರು ಪಾಕು ತರಿಸುತ್ತಾರೆ. ಜೈಲಿನ ಬಾಗಿಲು ಟಿವಿ ನೋಡುವುದಿಲ್ಲ. ಅದಕ್ಕೆ ಕಾಗದ ಬೇಕು.

ಕಾಗದ ಬರುವ ದಾರಿ ಹೀಗಿದೆ. ಆದೇಶ ಟೈಪಾಗಬೇಕು, ಸಹಿಯಾಗಬೇಕು, ದೃಢೀಕೃತ ನಕಲು ಕೈಗೆ ಸಿಗಬೇಕು. ಜಾಮೀನು ಕೊಟ್ಟದ್ದು ಹೈಕೋರ್ಟಾದರೆ ಆ ನಕಲನ್ನು ಹೊತ್ತು ಕೆಳಗಿನ ಕೋರ್ಟಿಗೆ ಬರಬೇಕು. ಅಲ್ಲಿ ಷರತ್ತು ಕಾದಿರುತ್ತದೆ: ಒಂದು ಲಕ್ಷದ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಜಾಮೀನುದಾರ ಅಂದರೆ ಮನುಷ್ಯ ಅಂದುಕೊಳ್ಳಬೇಡಿ, ಪಹಣಿ. ಪಹಣಿಯ ಹಿಂದೆ ಒಬ್ಬ ಮನುಷ್ಯನೂ ಬಂದರೆ ಒಳ್ಳೆಯದು. ಜಮೀನು ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದು ಪೌತಿ ಖಾತೆ ಆಗಿಲ್ಲವೋ, ಮೊಮ್ಮಗ ಎಷ್ಟೇ ಸಜ್ಜನನಾದರೂ ಬರಿಗೈಲಿ ವಾಪಸ್. ಇನ್ನು ಆಧಾರ್, ಫೋಟೊ, ಅಫಿಡವಿಟ್ಟು, ಹಿಂದೆ ಯಾರ್ಯಾರಿಗೆ ಜಾಮೀನು ನಿಂತಿದ್ದೀರಿ ಎಂಬ ಘೋಷಣೆ.

ಇಷ್ಟೆಲ್ಲ ಆದಮೇಲೆ ಕಟಕಟೆ. ‘ಆರೋಪಿ ನಿಮಗೆ ಹೇಗೆ ಗೊತ್ತು?’ ಎಂದರೆ ಪಕ್ಕದ ಮನೆಯ ನಿಜವಾದ ಹಿತೈಷಿಗೆ ನಾಲಿಗೆ ಒಣಗುತ್ತದೆ. ಆರೋಪಿಯ ಅಪ್ಪನ ಹೆಸರೂ ಆ ಹೊತ್ತಿಗೆ ಮರೆತುಹೋಗುತ್ತದೆ. ಕೋರ್ಟಿನ ಎದುರು ಟೀ ಅಂಗಡಿಯಲ್ಲಿ ಸಿಗುವ ಬಾಡಿಗೆ ಜಾಮೀನುದಾರನಿಗೆ ಆ ತೊಂದರೆಯಿಲ್ಲ. ‘ಚಿಕ್ಕಂದಿನಿಂದ ಬಲ್ಲೆ ಸ್ವಾಮಿ’ ಎನ್ನುತ್ತಾನೆ. ಬೆಳಿಗ್ಗೆ ಇನ್ನೊಬ್ಬನನ್ನೂ ಚಿಕ್ಕಂದಿನಿಂದ ಬಲ್ಲವನಾಗಿದ್ದ, ಬೇರೆ ಪಹಣಿಯೊಂದಿಗೆ. ಸುಳ್ಳು ಜಾಮೀನುದಾರರನ್ನು ತಡೆಯಲೆಂದೇ ಈ ಕಾಗದಗಳು. ಅವನ್ನು ತಪ್ಪಿಲ್ಲದೆ ಜೋಡಿಸಿಕೊಳ್ಳಬಲ್ಲವರು ಸುಳ್ಳು ಜಾಮೀನುದಾರರು ಮಾತ್ರ.

1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬ ಇದೇ ಪಾಡಿಗೆ ಸುಪ್ರೀಂ ಕೋರ್ಟಿನವರೆಗೆ ಹೋದ. ಹತ್ತು ಸಾವಿರದ ಜಾಮೀನು. ನಿಲ್ಲಲು ಅಣ್ಣತಮ್ಮಂದಿರಲ್ಲೊಬ್ಬ ಬಂದರೆ, ಆತನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ರೇಗಿಬಿಟ್ಟರು. ಕನ್ನಡಿಗನೋ ಮಲಯಾಳಿಯೋ ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ತೀರ್ಪಿನಲ್ಲೇ ಕೇಳಿ, ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿದರು. ನಮ್ಮ ಹೆಸರು ಹಿಡಿದು ಕೇಳಿದ ಪ್ರಶ್ನೆ ಅದು, ಹೆಮ್ಮೆಪಡಬಹುದು. ಉತ್ತರಕ್ಕೆ ಆತುರವೇನಿಲ್ಲ: 2023ರ ಜನವರಿಯಲ್ಲಿ ಅದೇ ಕೋರ್ಟು ‘ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಹಾಕದಿರಬಹುದು’ ಎಂದು ಮತ್ತೊಮ್ಮೆ ಹೇಳಬೇಕಾಯಿತು.

ಬಡವರಿಗೆ ಕೇಂದ್ರದ ಯೋಜನೆಯೊಂದು ಇದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಬಾರದವರ ವಿಷಯವನ್ನು ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಕೈದಿ ನಿಜವಾಗಿ ಬಡವನೇ ಎಂದು ವಿಚಾರಣೆಯಾಗಬೇಕು, ಆಮೇಲೆ ಜಿಲ್ಲಾ ಸಮಿತಿ ಕೂತು ಹಣ ಮಂಜೂರು ಮಾಡಬೇಕು. ಬಡತನಕ್ಕೂ ಸಾಕ್ಷ್ಯ ಬೇಕಲ್ಲವೇ! ಇದರಲ್ಲಿ ಒಂದೇ ಒಂದು ಸಣ್ಣ ತೊಡಕು: ಸಮಿತಿ ಕೊಡುವುದು ದುಡ್ಡು, ಕೋರ್ಟು ಕೇಳುವುದು ಪಹಣಿ ಇರುವ ಆಳು.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂತು. ‘ಜಾಮೀನು’ ಎಂಬ ಪದಕ್ಕೆ ಮೊದಲ ಬಾರಿಗೆ ಅರ್ಥ ಬರೆಯಲಾಗಿದೆ. ಜಾಮೀನುದಾರರ ಕಲಮುಗಳು ಹೊಸ ನಂಬರು ತೊಟ್ಟು ಹೆಚ್ಚುಕಡಿಮೆ ಹಾಗೇ ಕೂತಿವೆ. ಒಂದು ಒಳ್ಳೆಯ ಮಾತೂ ಇದೆ, 479ನೇ ಕಲಂ: ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನ ಕೈದಿಯಾಗಿಯೇ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ. ಅದೇ ಕಲಮಿನ ಎರಡನೇ ಉಪಕಲಂ ಹೇಳುತ್ತದೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೆ ಬಿಡಬೇಡಿ. ಪೊಲೀಸರಿಗೆ ಎರಡನೇ ಎಫ್‌ಐಆರ್ ಬರೆಯಲು ಪೆನ್ನು ಸಿಗುವುದಿಲ್ಲವೇ? 13 ಪ್ರಕರಣಗಳಲ್ಲಿ ಜಾಮೀನು ಪಡೆದವನೊಬ್ಬ 11ರಲ್ಲಿ ಇನ್ನೂ 22 ಜಾಮೀನುದಾರರನ್ನು ಹುಡುಕಬೇಕಾಗಿ, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ನಡುವೆ ಬಂದು ‘ಎಲ್ಲಕ್ಕೂ ಅದೇ ಇಬ್ಬರು ಸಾಕು’ ಎನ್ನಬೇಕಾಯಿತು. ಇಪ್ಪತ್ತೆರಡು ಅಂದರೆ ಎರಡು ಕ್ರಿಕೆಟ್ ತಂಡ.

ಬಾಂಡಾಯಿತು, ಬಿಡುಗಡೆ ಆದೇಶ ಹೊರಟಿತು. ಮುಂಬೈಯ ಆರ್ಥರ್ ರೋಡ್ ಜೈಲಿನ ಹೊರಗೆ ಅದಕ್ಕೆಂದೇ ಒಂದು ಪೆಟ್ಟಿಗೆ ಇದೆ. ಸಂಜೆ 5.30ರೊಳಗೆ ಕಾಗದ ಅದರೊಳಗೆ ಬೀಳದಿದ್ದರೆ ಇನ್ನೊಂದು ರಾತ್ರಿ ಒಳಗೆ. 2021ರ ಅಕ್ಟೋಬರಿನಲ್ಲಿ ಸಿನಿಮಾ ನಟನ ಮಗನಿಗೇ ಆ ಪೆಟ್ಟಿಗೆ ಕಾಯಲಿಲ್ಲ. ಸಮಾನತೆ ಎಂದರೆ ಅದು. ಈ ಕಾಲದಲ್ಲೂ ಆದೇಶ ತರುವ ಪಾರಿವಾಳಕ್ಕಾಗಿ ಆಕಾಶ ನೋಡುತ್ತಿದ್ದೇವೆ ಎಂದು ಅದೇ ವರ್ಷ ಆಗಿನ ಮುಖ್ಯ ನ್ಯಾಯಮೂರ್ತಿ ರಮಣ ಅವರು ನೊಂದುಕೊಂಡಿದ್ದರು. ಮುಂದಿನ ವರ್ಷ ‘ಫಾಸ್ಟರ್’ ಎಂಬ ವಿದ್ಯುನ್ಮಾನ ವ್ಯವಸ್ಥೆ ಬಂತು. ಪಾರಿವಾಳದ ಕಾಲಿಗೆ ಕಟ್ಟಿದ ಚೀಟಿಯನ್ನು ಕನಿಷ್ಠ ಬಿಚ್ಚಿ ಓದಬಹುದಿತ್ತು. ಗುಜರಾತಿನಲ್ಲಿ ಹೈಕೋರ್ಟ್ 2020ರಲ್ಲಿ ಇ-ಮೇಲ್ ಮಾಡಿದ ಆದೇಶದ ಅಟ್ಯಾಚ್‌ಮೆಂಟ್ ತೆರೆಯಲಾಗಲಿಲ್ಲ ಎಂದು ಜೈಲಿನವರು ಒಬ್ಬನನ್ನು ಸುಮಾರು ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದರು. ಪರಿಹಾರ ಒಂದು ಲಕ್ಷ.

ತೆರೆದು ಓದಿದರೂ ಕ್ಷೇಮವಿಲ್ಲ. ಹೆಸರು, ತಂದೆಯ ಹೆಸರು, ಅಪರಾಧ ಸಂಖ್ಯೆ, ಕಲಂ ಎಲ್ಲವೂ ಜೈಲಿನ ದಾಖಲೆಗೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಗಾಜಿಯಾಬಾದಿನಲ್ಲಿ ಒಬ್ಬನಿಗೆ ಸುಪ್ರೀಂ ಕೋರ್ಟಿನದೇ ಜಾಮೀನು. ಆದೇಶದಲ್ಲಿ 5ನೇ ಕಲಂ ಇತ್ತು, ಅದರ ಒಂದನೇ ಉಪಕಲಂ ಬಿಟ್ಟುಹೋಗಿತ್ತು. ಆ ಒಂದು ಅಂಕಿಗಾಗಿ 28 ದಿನ ಹೆಚ್ಚುವರಿ ಜೈಲು. 2025ರ ಜೂನಿನಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶ ಸರ್ಕಾರಕ್ಕೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆ ಆದೇಶದಲ್ಲಾದರೂ ಉಪಕಲಮುಗಳನ್ನೆಲ್ಲ ಎರಡೆರಡು ಸಲ ಎಣಿಸಿಯೇ ಸಹಿ ಹಾಕಿರುತ್ತಾರೆ.