ಮುಂದಕ್ಕೆ ಅಂದ್ರೆ ಎಷ್ಟು ಮುಂದಕ್ಕೆ?

ಲಿಸ್ಬನ್ ಟೀಮಿಂದ ಒಂದೇ ಸಾಲಿನ ಮೇಲ್, ಅದೂ ಪೋರ್ಚುಗೀಸಲ್ಲಿ, ರಾತ್ರಿ ಮೀಟಿಂಗ್ 'ಅದಿಯಾದ' ಆಗಿದೆ ಅಂತ. ಒಂದು ಆಪ್‌ಗೆ ಹಾಕಿದ್ರೆ ಡಿಲೇ ಅಂತು, ಇನ್ನೊಂದು ಪೋಸ್ಟ್‌ಪೋನ್, ಮತ್ತೊಂದು ಅಡ್ಜರ್ನ್. ಅಲ್ಲಾ ಸ್ವಾಮಿ, ಡಿಲೇ ಆದ್ರೆ ಹೆಡ್‌ಫೋನ್ ಹಾಕ್ಕೊಂಡು ಕಾಯ್ಬೇಕು, ಪೋಸ್ಟ್‌ಪೋನ್ ಆದ್ರೆ ಎದ್ದುಹೋಗಿ ಉಣ್ಬಹುದು, ಇಲ್ಲಿ ತಟ್ಟೇಲಿ ಚಪಾತಿ ರಟ್ಟಾಗ್ತಾ ಇದೆ! ಅದಿಯಾರ್ ಅನ್ನೋ ಕ್ರಿಯಾಪದದ ಹೊಟ್ಟೇಲಿರೋದು 'ದಿಯಾ', ಅಂದ್ರೆ ದಿನ, ಅಡ್ಜರ್ನ್ ಒಳಗೂ ಫ್ರೆಂಚರ ದಿನಾನೇ ಇದೆ, ಹಾಗಾಗಿ ರಕ್ತಸಂಬಂಧ ಏನೋ ಸರೀನೇ, ಆದ್ರೆ ಯಾವ ದಿನ ಅಂತ ಇಬ್ರೂ ಬಾಯ್ಬಿಡಲ್ಲ. ಇಂಗ್ಲಿಷೋರ 'ಟೇಬಲ್' ಕೇಳಲೇಬೇಡಿ, ಅಮೆರಿಕದಲ್ಲಿ ಹಾಗಂದ್ರೆ ವಿಷಯ ಪಕ್ಕಕ್ಕಿಡು, ಬ್ರಿಟನ್ನಲ್ಲಿ ಚರ್ಚೆಗೆ ತಗೋ.

ಮುಂದೆ ಹಾಕೋದ್ರಲ್ಲಿ ಲಿಸ್ಬನ್ನೋರನ್ನ ಮೀರಿಸೋರಿಲ್ಲ ಬಿಡಿ. ಮುಗಿಯದ ಕೆಲಸಕ್ಕೆ ಅಲ್ಲಿ 'ಸಾಂತಾ ಎಂಗ್ರಾಸಿಯಾ ಕಾಮಗಾರಿ' ಅಂತಾರೆ. ಅದೊಂದು ಚರ್ಚು. 1630ರಲ್ಲಿ ಅಲ್ಲಿ ಕಳ್ಳತನ ಆಯ್ತು, ಸಿಮಾವ್ ಪಿರೆಸ್ ಸೋಲಿಸ್ ಅನ್ನೋನನ್ನ ಹಿಡಿದು ಸುಟ್ಟುಬಿಟ್ರು, ಪಾಪ ಅವ್ನು ಆ ರಾತ್ರಿ ಸುತ್ತಾಡ್ತಿದ್ದಿದ್ದು ಪಕ್ಕದ ಮಠದ ಸನ್ಯಾಸಿನಿ ಒಬ್ಬಳಿಗೋಸ್ಕರ ಅಂತ ಕಥೆ, ಸಾಯೋವಾಗ ಈ ಕಟ್ಟಡ ಮುಗಿಯದೇ ಹೋಗ್ಲಿ ಅಂತ ಶಾಪ ಹಾಕಿದ್ನಂತೆ. ಶಾಪಾನೋ ದುಡ್ಡಿನ ತಾಪತ್ರಯಾನೋ, 1682ರಲ್ಲಿ ಹೊಸದಾಗಿ ಪಾಯ ಹಾಕಿದ್ರು, 1712ರಲ್ಲಿ ವಾಸ್ತುಶಿಲ್ಪಿ ಜುವಾವ್ ಆಂತುನೆಸ್ ತೀರ್ಕೊಂಡ, ರಾಜ ಐದನೇ ಜುವಾವ್‌ಗೆ ಮಾಫ್ರಾದ ಅರಮನೆ ಮೇಲೆ ಮೋಹ ಹುಟ್ತು, ಗುಮ್ಮಟ ಅಲ್ಲಿಗೇ ನಿಂತ್ಹೋಯ್ತು. ನಡುವೆ ಸೈನ್ಯದೋರು ಅದನ್ನ ಗೋದಾಮು ಮಾಡ್ಕೊಂಡ್ರು, ಬೂಟು ಹೊಲಿಸಿದ್ರು. 1916ರಲ್ಲಿ ಗುಮ್ಮಟ ಇಲ್ಲದಿದ್ರೂ ಪರವಾಗಿಲ್ಲ ಅಂತ ರಾಷ್ಟ್ರೀಯ ಸ್ಮಾರಕ ಮಂದಿರ ಅಂತ ಹೆಸರಿಟ್ರು, ಗುಮ್ಮಟ ಏರಿದ್ದು 1966ಕ್ಕೆ! ಒಳಗೆ ಗೋವಾ ಗೆದ್ದ ಆಲ್ಬುಕರ್ಕ್‌ಗೂ ಒಂದು ಸ್ಮಾರಕ ಇದೆ, 1510ರಲ್ಲಿ ಅವನಿಗೆ ಹೆಗಲು ಕೊಟ್ಟ ನಮ್ಮ ಹೊನ್ನಾವರದ ತಿಮ್ಮಯ್ಯಂಗೆ ಮಾತ್ರ ಏನೂ ಇಲ್ಲ, ಹೋಗ್ಲಿ ಬಿಡಿ, ಆ ಜಗಳ ಈಗ ಬೇಡ.

ಈಗ ಹೇಳಿ, 284 ವರ್ಷ ಡಿಲೇನಾ, ಪೋಸ್ಟ್‌ಪೋನಾ?

ಈ ವಿಷಯದಲ್ಲಿ ಬ್ರೆಜಿಲ್ನೋರೇ ವಾಸಿ. ಅವರು 'ಹೊಟ್ಟೇಲಿ ತಳ್ಕೊಂಡು ಹೋಗೋದು' ಅಂತಾರೆ, ಕೈಗೆ ಕೆಲಸ ಇಲ್ಲ, ಕಾಲಿಗೆ ಅವಸರ ಇಲ್ಲ, ಫೈಲು ಮುಂದೆ ಮುಂದೆ, ಹೊಟ್ಟೆ ಹಿಂದೆ ಹಿಂದೆ. ಇದನ್ನ ಇಂಗ್ಲಿಷಿಗೆ ತರೋರು 'ಪ್ರೊಕ್ರಾಸ್ಟಿನೇಟ್' ಅಂತ ಸಪ್ಪೆ ಸಾರು ಬಡಿಸಿ ಕೈತೊಳ್ಕೊಂತಾರೆ. ಹೊಟ್ಟೆನೇ ಹೋಯ್ತಲ್ರೀ!