ಎಮಿರೇಟ್ಸ್ ಕಪ್‌ಗೆ ಮತ್ತೆ ನಾಲ್ಕು ತಂಡಗಳು ಬರಬೇಕು

ಲೀಗ್ ಆರಂಭವಾಗುವ ಮುನ್ನ ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ ತನ್ನ ತವರಿನ ಅಂಗಳದಲ್ಲಿ ನಡೆಸುವ ಎಮಿರೇಟ್ಸ್ ಕಪ್ ಈಗ ಹೆಸರಿಗೆ ಮಾತ್ರ ಟೂರ್ನಿಯಾಗಿ ಉಳಿದಿದೆ. 2007ರಲ್ಲಿ ಶುರುವಾದಾಗ ಅದು ನಾಲ್ಕು ತಂಡಗಳು ಶನಿವಾರ ಮತ್ತು ಭಾನುವಾರ ತಲಾ ಒಂದೊಂದು ಪಂದ್ಯ ಆಡುವ ಸ್ಪರ್ಧೆಯಾಗಿತ್ತು. ಮೊದಲ ವರ್ಷವೇ ಇಂಟರ್ ಮಿಲಾನ್, ಪ್ಯಾರಿಸ್ ಸೇಂಟ್ ಜರ್ಮೇನ್ ಮತ್ತು ವಲೆನ್ಸಿಯಾ ತಂಡಗಳು ಬಂದಿದ್ದವು. ಮರುವರ್ಷ ಯುವೆಂಟಸ್, ರಿಯಲ್ ಮ್ಯಾಡ್ರಿಡ್ ಮತ್ತು ಹ್ಯಾಂಬರ್ಗ್ ಬಂದವು, ಕಪ್ ಹ್ಯಾಂಬರ್ಗ್ ಪಾಲಾಯಿತು. 2019ರಿಂದೀಚೆಗೆ ಒಂದೇ ಒಂದು ತಂಡವನ್ನು ಕರೆಸಿ, ಒಂದೇ ಪಂದ್ಯ ಆಡಿ, ಗೆದ್ದವರ ಕೈಗೆ ಕಪ್ ಕೊಟ್ಟು ಮುಗಿಸುತ್ತಿದ್ದಾರೆ. ಈ ಬದಲಾವಣೆ ತಪ್ಪೆಂದೂ, ಹಳೆಯ ರೂಪ ಮರಳಿ ಬರಬೇಕೆಂದೂ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಂಥ ಟೂರ್ನಿಗಳ ಮಾತು ಬಂದಾಗಲೆಲ್ಲ ಗೆಳೆಯರು ಎತ್ತುವ ಮೊದಲ ಆಕ್ಷೇಪ ಪ್ರಾಯೋಜಕರದ್ದು. ವಿಮಾನಯಾನ ಸಂಸ್ಥೆಯೊಂದರ ಹೆಸರು ಕ್ರೀಡಾಂಗಣದ ಮೇಲೂ, ಅಂಗಿಯ ಮೇಲೂ, ಕೊನೆಗೆ ಕಪ್ಪಿನ ಮೇಲೂ ಇರುವಾಗ ಅದು ಜಾಹೀರಾತಲ್ಲದೆ ಮತ್ತೇನು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಹೆಸರು ಅಲ್ಲಿಗೆ ಬಂದದ್ದು ಹೇಗೆಂಬುದನ್ನೂ ನೋಡಬೇಕು. 1913ರಿಂದ ಆಡುತ್ತಿದ್ದ ಹೈಬರಿ ಅಂಗಣದಲ್ಲಿ ಸುಮಾರು 38 ಸಾವಿರ ಜನರಿಗಷ್ಟೇ ಜಾಗವಿತ್ತು; 60 ಸಾವಿರ ಜನ ಕೂರುವ ಹೊಸ ಕ್ರೀಡಾಂಗಣ ಕಟ್ಟಲು ಕ್ಲಬ್ ದೊಡ್ಡ ಸಾಲದ ಹೊರೆ ಹೊತ್ತುಕೊಂಡಿತು. 2004ರಲ್ಲಿ ಆದ ಹತ್ತು ಕೋಟಿ ಪೌಂಡಿನ ಒಪ್ಪಂದದಲ್ಲಿ ಹದಿನೈದು ವರ್ಷಗಳ ಕ್ರೀಡಾಂಗಣದ ಹೆಸರೂ ಎಂಟು ವರ್ಷಗಳ ಅಂಗಿಯ ಪ್ರಾಯೋಜಕತ್ವವೂ ಸೇರಿದ್ದವು. ಆ ಹಣವಿಲ್ಲದೆ 2006ರಲ್ಲಿ ಬಾಗಿಲು ತೆರೆದ ಆ ಕಟ್ಟಡವನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಅಲ್ಲದೆ, ಟೂರ್ನಿಯೊಂದು ಸೊರಗುವುದಕ್ಕೂ ಪ್ರಾಯೋಜಕರ ಹೆಸರಿಗೂ ನೇರ ಸಂಬಂಧವಿಲ್ಲ. ಬಾರ್ಸಿಲೋನಾ 1966ರಿಂದ ನಡೆಸುತ್ತಿರುವ ಜೋವಾನ್ ಗ್ಯಾಂಪರ್ ಟ್ರೋಫಿಗೆ ಕ್ಲಬ್ಬಿನ ಸ್ಥಾಪಕನ ಹೆಸರಿದೆ; ನಾಲ್ಕು ತಂಡಗಳೊಂದಿಗೆ ಆರಂಭವಾದ ಅದೂ 1997ರಿಂದ ಒಂದೇ ಪಂದ್ಯಕ್ಕೆ ಇಳಿಯಿತು. ಮ್ಯೂನಿಕ್‌ನಲ್ಲಿ ಬಯರ್ನ್ ಕ್ಲಬ್ ನಡೆಸಿದ ಔಡಿ ಕಪ್‌ಗೆ ಕಾರು ಕಂಪನಿಯ ಹೆಸರಿತ್ತು, ಆದರೂ 2009ರಿಂದ 2019ರವರೆಗೆ ಎರಡು ವರ್ಷಕ್ಕೊಮ್ಮೆ ಅಲ್ಲಿ ನಾಲ್ಕು ತಂಡಗಳೇ ಆಡಿದವು.

ಎಮಿರೇಟ್ಸ್ ಕಪ್‌ನ ಹಳೆಯ ರೂಪದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದುದು ಅದರ ಅಂಕದ ನಿಯಮ. ಗೆಲುವಿಗೆ ಮೂರು, ಡ್ರಾಗೆ ಒಂದು ಎಂಬ ಮಾಮೂಲಿ ಲೆಕ್ಕದ ಜೊತೆಗೆ ಹೊಡೆದ ಪ್ರತಿ ಗೋಲಿಗೂ ಒಂದು ಅಂಕ ಸಿಗುತ್ತಿತ್ತು. ಸೌಹಾರ್ದ ಪಂದ್ಯವೊಂದರಲ್ಲಿ ಎರಡು ಗೋಲುಗಳ ಮುನ್ನಡೆ ಪಡೆದ ತಂಡ ಸಾಮಾನ್ಯವಾಗಿ ಕಾಲೆಳೆಯುತ್ತಾ ಸಮಯ ಕಳೆಯುತ್ತದೆ; ಸೋಲುತ್ತಿರುವ ತಂಡವೂ ಗಾಯವಾಗದಿದ್ದರೆ ಸಾಕೆಂದು ಹಿಂದೆ ಸರಿಯುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ, ಏಕೆಂದರೆ ಮೂರು ಗೋಲು ಹಿಂದಿರುವ ತಂಡಕ್ಕೂ ಕೊನೆಯ ಹತ್ತು ನಿಮಿಷಗಳಲ್ಲಿ ಒಂದು ಗೋಲು ಹೊಡೆದರೆ ಮರುದಿನದ ಲೆಕ್ಕಾಚಾರದಲ್ಲಿ ಅದರ ಬೆಲೆ ಇರುತ್ತಿತ್ತು.

ಈ ನಿಯಮದಿಂದ ಆದ ಅನ್ಯಾಯವನ್ನೂ ಇಲ್ಲಿ ಹೇಳಲೇಬೇಕು. 2017ರ ಜುಲೈ 29ರಂದು ಆರ್ಸೆನಲ್ ಬೆನ್ಫಿಕಾವನ್ನು 5-2ರಿಂದ ಸೋಲಿಸಿತು. ಅದೇ ದಿನ ಸೆವಿಯಾ ತಂಡ ಲೈಪ್ಜಿಗ್ ವಿರುದ್ಧ 1-0ರಿಂದ ಗೆದ್ದಿತು. ಮರುದಿನ ಆತಿಥೇಯರ ಎದುರು ಆಡಿದ ಸೆವಿಯಾ ಮೊದಲು ಗೋಲು ಹೊಡೆಯಿತು, ಆರ್ಸೆನಲ್‌ನ ಲಕಾಜೆಟ್ ಅದನ್ನು ಸರಿಗಟ್ಟಿದ, ಬಳಿಕ ಸೆವಿಯಾ ಮತ್ತೊಂದು ಹೊಡೆದು 2-1ರಿಂದ ಪಂದ್ಯ ಗೆದ್ದಿತು. ಎರಡಕ್ಕೆ ಎರಡೂ ಗೆದ್ದ ಏಕೈಕ ತಂಡ ಅದು. ಆದರೆ ಲೆಕ್ಕ ಹಾಕಿದಾಗ ಇಬ್ಬರಿಗೂ ಒಂಬತ್ತೊಂಬತ್ತು ಅಂಕ, ಇಬ್ಬರ ಗೋಲು ವ್ಯತ್ಯಾಸವೂ ಎರಡೇ. ಸೆವಿಯಾ ಹೊಡೆದದ್ದು ಮೂರು ಗೋಲು, ಆರ್ಸೆನಲ್ ಹೊಡೆದದ್ದು ಆರು. ಕಪ್ ಎತ್ತಿದ್ದು ಆರ್ಸೆನಲ್, ಅದೂ ಆಗಷ್ಟೇ ತನ್ನನ್ನು ಸೋಲಿಸಿದ ತಂಡದ ಕಣ್ಣೆದುರಿಗೆ. ಆರ್ಸೆನಲ್ ಅಭಿಮಾನಿಯಾದ ನನಗೂ ಆ ಕಪ್ ನಮ್ಮದೆಂದು ಅನ್ನಿಸಲಿಲ್ಲ. ಅಂಕಗಳು ಸಮವಾದಾಗ ಹೆಚ್ಚು ಪಂದ್ಯ ಗೆದ್ದವರಿಗೆ ಕಪ್ ಎಂಬ ಒಂದು ಸಾಲನ್ನು ನಿಯಮಕ್ಕೆ ಸೇರಿಸಿದ್ದರೆ ಅಂದು ಯಾರಿಗೂ ಆಕ್ಷೇಪ ಇರುತ್ತಿರಲಿಲ್ಲ. ದೋಷವನ್ನು ತಿದ್ದುವುದು ಅಷ್ಟು ಸುಲಭವಾಗಿರುವಾಗ ಟೂರ್ನಿಯನ್ನೇ ಕೈಬಿಡುವ ಅಗತ್ಯವೇನಿತ್ತು?

ಪ್ರೀ-ಸೀಸನ್ ಪಂದ್ಯಗಳಿಂದ ಏನೂ ಸಾಬೀತಾಗುವುದಿಲ್ಲ ಎಂಬ ಮಾತಿನಲ್ಲಿ ನಿಜಾಂಶವಿದೆ. 2014ರಲ್ಲಿ ಯಾಯಾ ಸನೋಗೊ ಬೆನ್ಫಿಕಾ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ. ಆರ್ಸೆನಲ್ ಪರ ಲೀಗಿನಲ್ಲಿ ಅವನು ಒಂದೂ ಗೋಲು ಹೊಡೆಯಲಿಲ್ಲ. ಆದರೆ ಇದೇ ಅಂಗಳದಲ್ಲಿ 2009ರ ಆಗಸ್ಟ್ 2ರಂದು ಹದಿನೇಳು ವರ್ಷದ ಜ್ಯಾಕ್ ವಿಲ್ಶಿಯರ್ ರೇಂಜರ್ಸ್ ವಿರುದ್ಧ ಎರಡು ಗೋಲು ಹೊಡೆದದ್ದನ್ನು ನಾನು ಹೇಗೆ ಮರೆಯಲಿ? ತನಗಿಂತ ಹತ್ತು ವರ್ಷ ದೊಡ್ಡವರಾದ ರಕ್ಷಣಾ ಆಟಗಾರರ ನಡುವೆ ಆ ಹುಡುಗ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಸಾಗುತ್ತಿದ್ದ. ಮುಂದೆ ಗಾಯಗಳು ಅವನನ್ನು ಬೆನ್ನುಬಿಡದೆ ಕಾಡಿದವು, ಮೂವತ್ತನೆಯ ವಯಸ್ಸಿಗೇ 2022ರಲ್ಲಿ ನಿವೃತ್ತನಾದ. ಅವನು ಪೂರ್ಣ ಆರೋಗ್ಯದಿಂದ, ಯಾವ ಭಯವೂ ಇಲ್ಲದೆ ಆಡಿದ ಪಂದ್ಯಗಳು ಹೆಚ್ಚಿಲ್ಲ, ಆ ಭಾನುವಾರದ ಪಂದ್ಯ ಅವುಗಳಲ್ಲೊಂದು. ಎರಡು ದಿನಗಳಲ್ಲಿ ಎರಡು ಪಂದ್ಯ ಆಡಬೇಕಾದಾಗ ತರಬೇತುದಾರ ಹದಿಹರೆಯದವರನ್ನು ಕಣಕ್ಕಿಳಿಸಲೇಬೇಕಾಗುತ್ತದೆ. ಲೀಗ್ ಶುರುವಾಗುವ ಹೊಸ್ತಿಲಲ್ಲಿ ಒಂದೇ ಪಂದ್ಯವಿದ್ದಾಗ ಮೊದಲ ಹನ್ನೊಂದು ಮಂದಿಯನ್ನೇ ಸಾಧ್ಯವಾದಷ್ಟು ಹೊತ್ತು ಆಡಿಸುತ್ತಾನೆ; ಹುಡುಗರಿಗೆ ಉಳಿಯುವುದು ಕೊನೆಯ ಕೆಲವು ನಿಮಿಷ.

2011ರ ಟೂರ್ನಿಯೂ ಹಾಗೆಯೇ ನೆನಪಿನಲ್ಲಿದೆ. ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಲಂಡನ್ನಿಗೆ ಬಂದು, ಎರಡು ಗೋಲು ಹಿಂದಿದ್ದರೂ ಆರ್ಸೆನಲ್ ಜೊತೆ 2-2ರ ಡ್ರಾ ಸಾಧಿಸಿತು. 2007ರಲ್ಲಿ ಕ್ಲಬ್ ಬಿಟ್ಟುಹೋಗಿದ್ದ ತಿಯರಿ ಆನ್ರಿ ನ್ಯೂಯಾರ್ಕ್ ರೆಡ್ ಬುಲ್ಸ್ ಅಂಗಿ ತೊಟ್ಟು ಮರಳಿದ; ಅವನ ತಂಡವೇ ಕಪ್ ಗೆದ್ದು ಅಮೆರಿಕಕ್ಕೆ ಒಯ್ದಿತು. ಎದುರಾಳಿ ತಂಡದ ನಾಯಕನೊಬ್ಬನಿಗೆ ತವರಿನ ಜನ ಅಷ್ಟೊಂದು ಪ್ರೀತಿ ತೋರಿಸಬಹುದಾದ ಸಂದರ್ಭ ಲೀಗಿನಲ್ಲಿ ಒದಗುವುದು ಅಪರೂಪ.

ಹಾಗಾದರೆ ಬದಲಾದದ್ದೇನು? ಜುಲೈ ತಿಂಗಳು ಈಗ ವಿದೇಶ ಪ್ರವಾಸಗಳ ಪಾಲಾಗಿದೆ. 2022ರಿಂದ ಸತತ ಮೂರು ಬೇಸಿಗೆಗಳಲ್ಲಿ ಆರ್ಸೆನಲ್ ಅಮೆರಿಕದಲ್ಲಿತ್ತು, 2025ರಲ್ಲಿ ಸಿಂಗಪುರ ಮತ್ತು ಹಾಂಗ್‌ಕಾಂಗ್‌ನಲ್ಲಿತ್ತು. ಬದ್ಧವೈರಿ ಟಾಟನ್‌ಹ್ಯಾಮ್ ಜೊತೆಗಿನ ಪಂದ್ಯವನ್ನೂ ಹಾಂಗ್‌ಕಾಂಗ್‌ನಲ್ಲೇ ಆಡಿತು. ದೂರದ ಅಭಿಮಾನಿಗಳಿಗೆ ತಂಡವನ್ನು ಕಣ್ಣಾರೆ ನೋಡುವ ಅವಕಾಶ ಸಿಗುವುದು ಒಳ್ಳೆಯದೇ. ಬೆಂಗಳೂರಿನಲ್ಲಿ ಕೂತು ಟಿವಿಯಲ್ಲಿ ಮಾತ್ರ ಈ ತಂಡವನ್ನು ನೋಡುವ ನಾನು ಅದನ್ನು ವಿರೋಧಿಸಲಾರೆ. ಆದರೆ ಆ ಪ್ರವಾಸದ ಬೆಲೆಯನ್ನು ಉತ್ತರ ಲಂಡನ್ನಿನ ಸಾಮಾನ್ಯ ಕುಟುಂಬಗಳು ತೆರಬಾರದು. ಸೀಸನ್ ಟಿಕೆಟ್‌ಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ಆ ಊರಿನಲ್ಲಿ, ಲೀಗ್ ಪಂದ್ಯಕ್ಕಿಂತ ಅಗ್ಗದ ಟಿಕೆಟ್ ಕೊಂಡು ಒಂದೇ ದಿನ ಎರಡು ಪಂದ್ಯ ನೋಡುವ ಅವಕಾಶ ಮಕ್ಕಳಿಗೆ ಈ ಟೂರ್ನಿಯಲ್ಲಿ ಮಾತ್ರ ಸಿಗುತ್ತಿತ್ತು.

ಒಂದೇ ಪಂದ್ಯದ ರೂಪದಲ್ಲಿ ಒಳ್ಳೆಯ ಆಟ ಬಂದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2022ರಲ್ಲಿ ಗೇಬ್ರಿಯೆಲ್ ಜೀಸಸ್ ಹ್ಯಾಟ್ರಿಕ್ ಹೊಡೆದು ಅದೇ ಸೆವಿಯಾವನ್ನು 6-0ರಿಂದ ಸೋಲಿಸಿದ ಪಂದ್ಯ ಸೊಗಸಾಗಿತ್ತು. 2023ರಲ್ಲಿ ಮೊನಾಕೊ ವಿರುದ್ಧ ಪೆನಾಲ್ಟಿಗಳವರೆಗೂ ಹೋರಾಟ ನಡೆಯಿತು. 2019ರಲ್ಲಿ ಲಿಯಾನ್ ವಿರುದ್ಧದ ಪಂದ್ಯ ಸೋತರೂ ಅದೇ ದಿನ ಮೊದಲು ಆರ್ಸೆನಲ್ ಮಹಿಳೆಯರು ಬಯರ್ನ್ ಮ್ಯೂನಿಕ್ ಎದುರು ಆಡಿದ್ದು ನನಗೆ ಸಂತೋಷ ಕೊಟ್ಟಿತ್ತು. ಆಗ ಅವರು ಇಂಗ್ಲೆಂಡಿನ ಲೀಗ್ ಚಾಂಪಿಯನ್ನರು. 2025ರಲ್ಲಿ ಬಾರ್ಸಿಲೋನಾವನ್ನು ಮಣಿಸಿ ಯುರೋಪಿನ ಚಾಂಪಿಯನ್ನರೂ ಆದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರವಾಸದಿಂದ ಒಂದು ಪಂದ್ಯ ಕಡಿಮೆ ಮಾಡಿ, ಆಗಸ್ಟ್ ಮೊದಲ ವಾರಾಂತ್ಯವನ್ನು ಪೂರ್ತಿಯಾಗಿ ತವರಿಗೆ ಮೀಸಲಿಡಲಿ. ನಾಲ್ಕು ತಂಡಗಳು ಬರಲಿ, ಅವುಗಳಲ್ಲಿ ಒಂದಾದರೂ ಯುರೋಪಿನ ಹೊರಗಿನದಾಗಿರಲಿ, ಬೋಕಾ ಮತ್ತೊಮ್ಮೆ ಬಂದರೆ ಇನ್ನೂ ಒಳ್ಳೆಯದು. ಗೋಲಿಗೊಂದು ಅಂಕದ ನಿಯಮ ಮೇಲೆ ಹೇಳಿದ ತಿದ್ದುಪಡಿಯೊಂದಿಗೆ ಮರಳಲಿ. ಶನಿವಾರದ ಮೊದಲ ಪಂದ್ಯ ಮಹಿಳಾ ತಂಡದ್ದಾಗಿರಲಿ. ಕಪ್ಪಿನ ಮೇಲೆ ಪ್ರಾಯೋಜಕರ ಹೆಸರು ಈಗಿರುವಂತೆಯೇ ಇರಲಿ, ನನ್ನ ಅಭ್ಯಂತರವಿಲ್ಲ.