75 ಕುದುರೆ, ಒಂದು ಕೊಂಬೆ

ಮುಂಗಾರಿಗೆ ಮೊದಲು ಸುರಿದ ಒಂದೇ ಗಾಳಿಮಳೆಗೆ ನಮ್ಮೂರಿನ ಬಸ್ ನಿಲ್ದಾಣದ ರಸ್ತೆಯ ಮರಗಳು ಅರ್ಧಕ್ಕರ್ಧ ಕೊಂಬೆ ಕಳಚಿಕೊಂಡವು. ಹದಿನೈದು ದಿನ ಅವು ಬಿದ್ದಲ್ಲಿಯೇ ಬಿದ್ದಿದ್ದವು, ಏಕೆಂದರೆ ಯಾರಿಗೆ ಸೇರಿದವು ಎಂಬುದೇ ಇತ್ಯರ್ಥವಾಗಿರಲಿಲ್ಲ. ಮರ ಅರಣ್ಯ ಇಲಾಖೆಯ ಲೆಕ್ಕದ್ದು, ರಸ್ತೆ ಲೋಕೋಪಯೋಗಿ ಇಲಾಖೆಯದು, ಅರ್ಧ ಕಡಿದು ಉಳಿದರ್ಧವನ್ನು ದೇವರಿಗೆ ಬಿಟ್ಟು ಹೋದವರು ವಿದ್ಯುತ್ ಕಂಪನಿಯವರು, ಕೊಂಬೆಗೆ ಸುತ್ತಿಕೊಂಡಿದ್ದ ತಂತಿ ಕೇಬಲ್ಲಿನವನದು. ಎಲೆ ಕೊಳೆತು ನಾರತೊಡಗಿದ ಮೇಲೆ ಅದು ‘ತ್ಯಾಜ್ಯ’ ಎಂಬ ವರ್ಗಕ್ಕೆ ಬಡ್ತಿ ಪಡೆಯಿತು. ಬಡ್ತಿ ಪಡೆದ ದಿನವೇ ಪುರಸಭೆಯ ಸೊತ್ತಾಯಿತು.

ಪುರಸಭೆಯ ಸಾಮಾನ್ಯ ಸಭೆ ಇದಕ್ಕೆ ಕಂಡುಕೊಂಡ ಶಾಶ್ವತ ಪರಿಹಾರವೆಂದರೆ, ಬಿದ್ದ ಕೊಂಬೆಯನ್ನು ಬಿದ್ದಲ್ಲಿಯೇ ಚಕ್ಕೆ ಮಾಡುವ ಒಂದು ಚಿಪ್ಪರ್ ಯಂತ್ರ ಮತ್ತು ಅದನ್ನು ತಿರುಗಿಸಲು ಒಂದು ದೊಡ್ಡ ಟ್ರ್ಯಾಕ್ಟರ್. ಊರಾಚೆಯ ಅಕೇಶಿಯಾ ನೆಡುತೋಪನ್ನೂ ಇದರಿಂದಲೇ ಸವರಬಹುದು, ಚಕ್ಕೆಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು ಎಂದೂ ನಿರ್ಣಯದಲ್ಲಿ ಬರೆಯಲಾಯಿತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಆರು ಇಂಚು ದಪ್ಪದ ಕೊಂಬೆಯನ್ನು ನುಂಗುವ ಚಿಪ್ಪರಿಗೆ ಜೋಡಿಸಿದ ಯಂತ್ರವನ್ನು ತಿರುಗಿಸಲೆಂದು ಟ್ರ್ಯಾಕ್ಟರಿನ ಹಿಂದಿರುವ ಪಿಟಿಒ ಎಂಬ ಶಾಫ್ಟಿನಲ್ಲಿ ಸುಮಾರು 35ರಿಂದ 50 ಎಚ್‌ಪಿ ಸಿಗಬೇಕು. ನೀರಿನ ಟ್ಯಾಂಕರ್ ಎಳೆದೆಳೆದು ಏದುಸಿರು ಬಿಡುತ್ತಿರುವ ಪುರಸಭೆಯ ಹಳೆಯ 35 ಎಚ್‌ಪಿ ಟ್ರ್ಯಾಕ್ಟರಿಗೆ ಅದು ಆಗದ ಮಾತು. ದೊಡ್ಡದು ಬೇಕಿತ್ತು, ಎಷ್ಟು ದೊಡ್ಡದು ಎಂಬಲ್ಲಿ ಮಾತ್ರ ಸಭೆಗೂ ಯಂತ್ರಶಾಸ್ತ್ರಕ್ಕೂ ದಾರಿ ಬೇರೆಯಾಯಿತು.

ಇಂಥ ಕೆಲಸಕ್ಕೆ ಟ್ರ್ಯಾಕ್ಟರನ್ನು ಹಿಂದಿನಿಂದ ನೋಡಿ ಆರಿಸಬೇಕು: ಶಾಫ್ಟಿನಲ್ಲಿ ಎಷ್ಟು ಶಕ್ತಿ, ಎಷ್ಟು ಸುತ್ತು, ಹೈಡ್ರಾಲಿಕ್ ಎಷ್ಟು ತೂಕ ಎತ್ತುತ್ತದೆ ಎಂದು. ಸಭೆಯು ಅದನ್ನು ಮುಂದಿನಿಂದ, ಎಂದರೆ ಫೋಟೊ ತೆಗೆಯುವವರು ನಿಲ್ಲುವ ಕಡೆಯಿಂದ ನೋಡಿತು. ಎಂಜಿನ್ನಿನ ಶಕ್ತಿಯೆಲ್ಲವೂ ಶಾಫ್ಟಿಗೆ ಬರುವುದಿಲ್ಲ, ಶೇಕಡ 10ರಿಂದ 15ರಷ್ಟು ದಾರಿಯಲ್ಲಿಯೇ ಸೋರಿಹೋಗುತ್ತದೆ ಎಂದು ಕಿರಿಯ ಎಂಜಿನಿಯರ್ ವಿವರಿಸಿದಾಗ, ಕಾಮಗಾರಿಗಳ ವಿಚಾರದಲ್ಲಿ ಶೇಕಡ 40ರ ಮಾತು ಕೇಳಿ ಪಳಗಿದ್ದ ಸದಸ್ಯರು, ಇಷ್ಟು ಕಡಿಮೆ ಸೋರಿಕೆಯ ಯಂತ್ರವೂ ಇದೆಯೇ ಎಂದು ಭಾವುಕರಾದರು. 49 ಎಚ್‌ಪಿಯ ಟ್ರ್ಯಾಕ್ಟರು ಸಾಲದಿದ್ದರೆ 55 ಎಚ್‌ಪಿಯದು ಧಾರಾಳ ಸಾಕು ಎಂದು ಎಂಜಿನಿಯರ್ ಮುಂದುವರಿಸಿದರು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿರುವುದರಿಂದ ಎಂಜಿನ್ನಿನ ಸುತ್ತ ಎಲೆಕ್ಟ್ರಾನಿಕ್ಸ್ ಹೆಚ್ಚಿದೆ, ನಮ್ಮೂರಿನ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಬಲ್ಲವರಿಲ್ಲ ಎಂದೂ ಎಚ್ಚರಿಸಿದರು. ಅಷ್ಟರಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ಪಕ್ಕದ ಊರಿನ ಪುರಸಭೆಯಲ್ಲಿ 60 ಎಚ್‌ಪಿ ಇರುವಾಗ ನಾವು 55ಕ್ಕೆ ಇಳಿದರೆ ಮತದಾರರಿಗೆ ಯಾವ ಮುಖ ತೋರಿಸುವುದು ಎಂದು ಕೇಳಿದರು. 75 ಎಚ್‌ಪಿ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಕಟ್ಟಿದವರು ಟ್ರ್ಯಾಕ್ಟರಿನ ಬಾನೆಟ್ಟನ್ನು ನೋಡಿರಲಿಲ್ಲ.

ಖರೀದಿ ಮಾತ್ರ ಪೂರ್ಣ ಕಾನೂನುಬದ್ಧವಾಗಿಯೇ ನಡೆಯಿತು. ಟೆಂಡರಿಲ್ಲದೆಯೇ ಖರೀದಿಸಲು ದಾರಿ ಬಿಡುವ, 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಗೆ ಯಾರೂ ಆಸೆಪಡಲಿಲ್ಲ. ಟ್ರ್ಯಾಕ್ಟರಿಗೊಂದು, ಚಿಪ್ಪರಿಗೊಂದು ಎಂದು ಎರಡು ಪ್ರತ್ಯೇಕ ಟೆಂಡರು ಕರೆದು, ಎರಡರಲ್ಲಿಯೂ ಅತಿ ಕಡಿಮೆ ದರದವರನ್ನೇ ಒಪ್ಪಲಾಯಿತು. ವಧು ಒಂದು ಕಡತದಲ್ಲಿ, ವರ ಇನ್ನೊಂದು ಕಡತದಲ್ಲಿ. ಧಾರೆಯ ದಿನ ಪುರಸಭೆಯ ಅಂಗಳದಲ್ಲಿ ಇಬ್ಬರೂ ಮೊದಲ ಬಾರಿಗೆ ಮುಖಾಮುಖಿಯಾದಾಗ ನಾನೂ ಅಲ್ಲಿದ್ದೆ. ನಿವೃತ್ತಿಯ ಅಂಚಿನಲ್ಲಿರುವ ಚಾಲಕರು ಕುಂಬಳಕಾಯಿ ಒಡೆದು, ಚಕ್ರದಡಿಯ ನಿಂಬೆಹಣ್ಣು ಜಜ್ಜಿಸಿ, ನಾದಸ್ವರ ನಿಲ್ಲುವುದನ್ನು ಕಾದು, ಟ್ರ್ಯಾಕ್ಟರಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಶಾಫ್ಟಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದರು. ಆರು. ಅನಂತರ ಚಿಪ್ಪರಿನ ಕಡೆಗೆ ಸರಿದು ಅದರ ಜೋಡಣೆಯ ಹಲ್ಲುಗಳನ್ನು ಎಣಿಸತೊಡಗಿ, ಹನ್ನೆರಡಕ್ಕೆ ತಪ್ಪಿ, ಪುನಃ ಮೊದಲಿನಿಂದ ಎಣಿಸಿ, ಇಪ್ಪತ್ತೊಂದಕ್ಕೆ ನಿಂತರು. ಎದ್ದು ಪಂಚೆಯ ಅಂಚಿಗೆ ಕೈಯ ಗ್ರೀಸು ಒರೆಸಿಕೊಂಡು, “ಸ್ವಾಮಿ, ಇವೆರಡಕ್ಕೂ ಕೂಡಿ ಬರೋದಿಲ್ಲ” ಎಂದರು.

ಆರು ಹಲ್ಲಿನ ಶಾಫ್ಟು ನಿಮಿಷಕ್ಕೆ 540 ಸುತ್ತಿನದು, ಇಪ್ಪತ್ತೊಂದು ಹಲ್ಲಿನದು 1000 ಸುತ್ತಿನದು. ಒಂದರ ಯಂತ್ರವನ್ನು ಇನ್ನೊಂದಕ್ಕೆ ಅಪ್ಪಿತಪ್ಪಿಯೂ ಯಾರೂ ಸಿಕ್ಕಿಸದಿರಲಿ ಎಂದೇ ಹಲ್ಲುಗಳನ್ನು ಬೇರೆ ಬೇರೆ ಮಾಡಿರುವುದು. ಆದರೆ ಚಿಪ್ಪರಿನ ಟೆಂಡರು ತಯಾರಾಗುವಾಗ ಸದಸ್ಯರೊಬ್ಬರು 540ಕ್ಕಿಂತ 1000 ದೊಡ್ಡದಲ್ಲವೇ ಎಂದು ಕೇಳಿದ್ದರು, ಮತ್ತು ಅಂಕಗಣಿತದ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು. ಜಗತ್ತಿನ ಎಂಜಿನಿಯರುಗಳು ಸೇರಿ ಕಟ್ಟಿದ ಈ ಬೇಲಿಯನ್ನು ನಮ್ಮ ಪುರಸಭೆಯು ಒಂದು ಪೂರಕ ಅಂದಾಜುಪಟ್ಟಿಯ ಬಲದಿಂದ ದಾಟಿತು: ಲೇತ್ ಅಂಗಡಿಯಲ್ಲಿ ಅಡಾಪ್ಟರ್ ಮಾಡಿಸಲಾಯಿತು. ಅದರಿಂದಾಗಿ 1000 ಸುತ್ತು ತಿರುಗಬೇಕಾದ ಅಲಗುಗಳು 540ರಲ್ಲಿ ತೂಕಡಿಸುತ್ತ, ಕೊಂಬೆಯನ್ನು ಕತ್ತರಿಸುವ ಬದಲು ಹಲ್ಲಿಲ್ಲದ ಅಜ್ಜ ಕಬ್ಬು ಅಗಿದಂತೆ ನಾರುನಾರಾಗಿ ಹಿಂಜತೊಡಗಿದವು.

ಅದೂ ಹೆಚ್ಚು ದಿನ ನಡೆಯಲಿಲ್ಲ. ನಮ್ಮೂರಿನ ರಸ್ತೆಬದಿಯ ಮರಗಳು ಎಲೆಗಿಂತ ಹೆಚ್ಚಾಗಿ ಫಲಕಗಳನ್ನು ಬಿಡುತ್ತವೆ. ಮನೆಪಾಠ, ಮೂಲವ್ಯಾಧಿ ಚಿಕಿತ್ಸೆ, ಬಾಡಿಗೆ ಕೊಠಡಿ ಇತ್ಯಾದಿ ಸೇವೆಗಳ ತಗಡು ಉದುರಿಹೋದರೂ ಅವುಗಳ ಮೊಳೆಗಳು ತೊಗಟೆಯೊಳಗೆ ಹೂತು ಉಳಿದಿರುತ್ತವೆ. ಮೂರನೆಯ ದಿನ ಅಂಥದೊಂದು ಮೊಳೆ ಅಲಗಿಗೆ ಸಿಕ್ಕಿ, ಅಲಗಿನ ತುದಿ ಹಾರಿಹೋಯಿತು. ಬದಲಿ ಅಲಗಿನ ಬೇಡಿಕೆಪತ್ರ ಜಿಲ್ಲಾ ಕೇಂದ್ರಕ್ಕೆ ಹೋಗಿದೆ. ಮೊಳೆ ಹೊಡೆದವರಿಗೆ ದಂಡ ಹಾಕಬಹುದಲ್ಲವೇ ಎಂದು ಕೇಳಿದ್ದಕ್ಕೆ, ಮನೆಪಾಠದ ಕೇಂದ್ರ ಯಾರದೆಂದು ನಿಮಗೆ ಗೊತ್ತಿಲ್ಲವೇ ಎಂಬ ಪ್ರತಿಪ್ರಶ್ನೆ ಬಂದಿತು.

ಯಂತ್ರ ದುರಸ್ತಿಯಾಗುವವರೆಗೆ ಟ್ರ್ಯಾಕ್ಟರನ್ನಾದರೂ ಅಕೇಶಿಯಾ ನೆಡುತೋಪಿನಲ್ಲಿ ದಿಮ್ಮಿ ಎಳೆಯಲು ಬಳಸೋಣವೆಂದರೆ ಅಲ್ಲಿಯೂ ತೊಡಕು. ಮರಗಳ ನಡುವೆ ಓಡಾಡುವ ಟ್ರ್ಯಾಕ್ಟರಿಗೆ ಚಾಲಕನ ತಲೆಯ ಮೇಲೆ ಗಟ್ಟಿ ಚೌಕಟ್ಟು, ಬೊಡ್ಡೆ ತಾಗದಂತೆ ಹೊಟ್ಟೆಯಡಿ ಉಕ್ಕಿನ ತಗಡು, ಟಯರಿನ ವಾಲ್ವಿಗೆ ಕಾಪು ಇರಬೇಕು. ಟೆಂಡರಿನಲ್ಲಿ ಇವು ಇರಲಿಲ್ಲ. ಬದಲಿಗೆ ಅಲಂಕಾರದ ಚಾವಣಿ, ಬಣ್ಣದ ದೀಪಗಳು ಮತ್ತು ಧ್ವನಿವರ್ಧಕಗಳಿದ್ದವು. ಹಿಂದೆ ಭಾರವಾದ ಯಂತ್ರ ಎತ್ತಿದಾಗ ಮುಂದಿನ ಚಕ್ರ ನೆಲ ಬಿಡಬಾರದೆಂದು ಮೂತಿಗೆ ತೂಗುಹಾಕುವ ಕಬ್ಬಿಣದ ತೂಕಗಳು ಬಂದಿದ್ದವಾದರೂ, ಅಧ್ಯಕ್ಷರ ಹೆಸರಿನ ಫಲಕಕ್ಕೆ ಅಡ್ಡವಾಗುತ್ತವೆಂದು ಅವುಗಳನ್ನು ಕಳಚಿ ಕಚೇರಿಯ ಬಾಗಿಲಿಗೆ ಒತ್ತಾಗಿ ಇಡಲಾಗಿದೆ. ಗಾಳಿಗೆ ಬಾಗಿಲು ಈಗ ಬಡಿದುಕೊಳ್ಳುವುದಿಲ್ಲ. ಇಡೀ ಖರೀದಿಯಲ್ಲಿ ಸಾರ್ವಜನಿಕರಿಗೆ ಆಗಿರುವ ನೇರ ಪ್ರಯೋಜನ ಅದೊಂದೇ.

ಹೀಗೆ 75 ಕುದುರೆಗಳ ಆ ಟ್ರ್ಯಾಕ್ಟರು, ಚಾವಣಿಯ ಎತ್ತರದಿಂದಾಗಿ ಪುರಸಭೆಯ ಶೆಡ್ಡಿನೊಳಗೂ ಹೋಗಲಾರದೆ, ಅಂಗಳದ ದೊಡ್ಡ ಮಳೆಮರದ ನೆರಳಿನಲ್ಲಿ ನಿಂತಿದೆ. ಬಸ್ ನಿಲ್ದಾಣದ ರಸ್ತೆಯ ಕೊಂಬೆಗಳನ್ನು ಹಳ್ಳಿಯ ರೈತರೊಬ್ಬರ 45 ಎಚ್‌ಪಿ ಟ್ರ್ಯಾಕ್ಟರನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ತಂದು, ಪೌರಕಾರ್ಮಿಕರು ಕೊಡಲಿಯಿಂದ ಕಡಿದುಕೊಟ್ಟು, ಎರಡೇ ದಿನದಲ್ಲಿ ಸಾಗಿಸಲಾಯಿತು. ಮೊನ್ನೆಯ ಗಾಳಿಗೆ ಮಳೆಮರದ ಒಂದು ಕೊಂಬೆ ಲಟಕ್ಕೆಂದು ಸದ್ದು ಮಾಡಿ ಟ್ರ್ಯಾಕ್ಟರಿನ ನೇರಕ್ಕೆ ಬಾಗಿದ್ದರಿಂದ ಕಚೇರಿಯಲ್ಲಿ ಗಾಬರಿಯಾಗಿದೆ. ಟ್ರ್ಯಾಕ್ಟರನ್ನು ಹತ್ತು ಮಾರು ಆಚೆ ನಿಲ್ಲಿಸಬಹುದಿತ್ತು, ಆದರೆ ಅಷ್ಟು ದೊಡ್ಡದನ್ನು ಓಡಿಸುವ ಚಾಲಕರ ಹುದ್ದೆ ಇನ್ನೂ ಮಂಜೂರಾಗಿಲ್ಲ, ಹಲ್ಲು ಎಣಿಸಿದವರು ನಿವೃತ್ತರಾಗಿದ್ದಾರೆ. ಆದ್ದರಿಂದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಕೊಂಬೆ ಸವರಲು ಅನುಮತಿ ಕೋರಿ ವೃಕ್ಷಾಧಿಕಾರಿಗಳಿಗೆ ಅರ್ಜಿ ಹೋಗಿದೆ. ಅರ್ಜಿಯ ‘ಕಾರಣ’ ಎಂಬ ಕಲಮಿನಲ್ಲಿ ಗುಮಾಸ್ತರು ಗುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: “ಕೊಂಬೆಗಳನ್ನು ವಿಲೇವಾರಿ ಮಾಡುವ ವಾಹನದ ಮೇಲೆ ಕೊಂಬೆ ಬೀಳುವ ಸಂಭವವಿರುತ್ತದೆ.”